ಪಕ್ಕದ ಸೀಟಿನ ಬ್ರೇಕು

ಊರಿಗೆಲ್ಲ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರ ಮನೆಯಲ್ಲಿ ಕಾರು ಓಡಿಸಲು ಬಾರದವರು ಇಬ್ಬರಿದ್ದರು. ಒಬ್ಬಳು ಅವರ ಹೆಂಡತಿ. ಅವಳಿಗೆ ಕಲಿಯುವ ಆಸೆಯೇ ಹುಟ್ಟಿರಲಿಲ್ಲ. ಇನ್ನೊಬ್ಬಳು ಕಿರಿಮಗಳು, ಅವಳಿಗೆ ಕಲಿಸುವ ಆಸೆ ಅಪ್ಪನಿಗೆ ಬೆಟ್ಟದಷ್ಟಿತ್ತು, ಕಲಿಯುವ ಧೈರ್ಯ ಮಾತ್ರ ಅವಳಿಗೆ ಸಾಸಿವೆಯಷ್ಟೂ ಇರಲಿಲ್ಲ.

ಪದವಿ ಮುಗಿಸಿ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದ ಅವಳನ್ನು ಮನೆಯಲ್ಲಿ ಎಲ್ಲರೂ ಇಲಿಮರಿ ಎಂದೇ ಕರೆಯುತ್ತಿದ್ದರು. ಬಂದದ್ದು ಗೊತ್ತಾಗುವುದಿಲ್ಲ, ಹೋದದ್ದು ಗೊತ್ತಾಗುವುದಿಲ್ಲ. ಮೂಲೆಯಲ್ಲಿ ಕಾಗದದ ಸದ್ದು ಕೇಳಿದರೆ ಮನೆಯಲ್ಲಿದ್ದಾಳೆ ಎಂದರ್ಥ. ಗ್ರಂಥಾಲಯದಲ್ಲೂ ಅವಳಿಗೆ ಸಿಕ್ಕಿದ್ದು ಹಿಂಬದಿಯ ಕೋಣೆ. ಬೆನ್ನು ಮುರಿದ ಪುಸ್ತಕಗಳಿಗೆ ಅಂಟು ಹಚ್ಚಿ, ಬಟ್ಟೆಯ ಪಟ್ಟಿ ಕೂರಿಸಿ, ಮೇಲೆ ಭಾರ ಹೇರಿ ಒಣಗಲು ಬಿಡುವ ಕೆಲಸ. ಅವಳಿಗೆಂದೇ ಹೇಳಿ ಮಾಡಿಸಿದಂತಿತ್ತು.

ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಸ್ಟಾಪಿನ ಎದುರಿಗಿದ್ದ ದರ್ಜಿ ಹೊಲಿಗೆಯಂತ್ರದಿಂದ ತಲೆಯೆತ್ತಿ, "ಏನಮ್ಮಾ, ಮೇಷ್ಟ್ರ ಮಗಳು ಬಸ್ಸಿಗೆ ಕಾಯೋದಾ! ಅಪ್ಪ ಕಾರು ಕೊಡಲ್ವಾ, ಇಲ್ಲಾ ಕಾರೇ ನಿನ್ನ ಹತ್ತಿಸ್ಕೊಳಲ್ವಾ?" ಎಂದು ಕೆಣಕುತ್ತಿದ್ದ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಒಳ್ಳೆಯ ಉತ್ತರಗಳೆಲ್ಲ ಅವಳಿಗೆ ಎರಡು ಸ್ಟಾಪು ದಾಟಿದ ಮೇಲೇ ಹೊಳೆಯುತ್ತಿದ್ದವು.

ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಕಟ್ಟಿಕೊಂಡ ಸಿದ್ಧಾಂತಗಳಿಗೆ ಲೆಕ್ಕವಿಲ್ಲ. ಕಾರಿನವರಿಗೆ ಎದುರು ಬಂದದ್ದೆಲ್ಲ ಅಡ್ಡಿ, ಬಸ್ಸಿನವರಿಗೆ ಎದುರು ಬಂದದ್ದೆಲ್ಲ ನೋಟ. ಸೈಕಲ್ಲಿನವರ ಮುಖದಲ್ಲಿ ಈಗಷ್ಟೇ ಯಾರಿಗೋ ಉಪಕಾರ ಮಾಡಿ ಬಂದ ಕಳೆ ಇರುತ್ತದೆ. ನಡೆಯುವವರು ಅರ್ಧ ದಾರಿ ತಮ್ಮೊಂದಿಗೇ ಜಗಳವಾಡುತ್ತಾರೆ, ಉಳಿದರ್ಧದಲ್ಲಿ ರಾಜಿಯಾಗುತ್ತಾರೆ. ಅವಳ ಚಿಕ್ಕಪ್ಪ ಒಮ್ಮೆ ಔಷಧಿ ಅಂಗಡಿಗೆಂದು ಕಾರಿನಲ್ಲಿ ಹೊರಟು, ನಿಲ್ಲಿಸಲು ಜಾಗ ಹುಡುಕುತ್ತ ಹುಡುಕುತ್ತ ತನ್ನ ಮನೆಯ ಬಾಗಿಲಿಗೇ ವಾಪಸು ಬಂದು, ಕಾರು ಅಲ್ಲೇ ಬಿಟ್ಟು ಅಂಗಡಿಗೆ ನಡೆದು ಹೋಗಿದ್ದರು. ಇದನ್ನು ಅಪ್ಪನ ಮುಂದೆ ಹೇಳಿದರೆ, "ಅದು ಕಾರಿನ ತಪ್ಪಲ್ಲ, ನಿನ್ನ ಚಿಕ್ಕಪ್ಪನ ತಪ್ಪು. ಅವನು ನನ್ನ ಹತ್ರ ಕಲೀಲಿಲ್ಲ" ಎನ್ನುತ್ತಿದ್ದರು.

ಅಪ್ಪ ಡ್ರೈವಿಂಗ್ ಶಾಲೆ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಬೋರ್ಡು ಇಳಿಸಿದರು, ಕಾರನ್ನು ಮಾತ್ರ ಉಳಿಸಿಕೊಂಡರು. ಬಣ್ಣ ಮಾಸಿದ ಆ ಹಳೆಯ ಕಾರಿನಲ್ಲಿ ಪೆಡಲುಗಳು ಎರಡು ಜೊತೆ: ಒಂದು ಓಡಿಸುವವರ ಕಾಲಬುಡದಲ್ಲಿ, ಇನ್ನೊಂದು ಪಕ್ಕದ ಸೀಟಿನ ಮುಂದೆ. ಕಲಿಯುವವನು ಕಂಗಾಲಾಗಿ ಬ್ರೇಕು ಮರೆತಾಗ ಮೇಷ್ಟ್ರು ಪಕ್ಕದಿಂದಲೇ ಒತ್ತಿ ನಿಲ್ಲಿಸುತ್ತಿದ್ದರು. ಊರಿನ ಮುಕ್ಕಾಲು ಜನ ಆ ಕಾರಿನಲ್ಲೇ ಬೆವತು, ಆ ಕಾರಿನಲ್ಲೇ ಬೈಸಿಕೊಂಡು ಲೈಸೆನ್ಸು ಪಡೆದವರು. "ಹೊರಡೋದು ಯಾರು ಬೇಕಾದ್ರೂ ಕಲೀತಾರೆ ಕಣಪ್ಪಾ, ನಿಲ್ಲೋದು ಕಲಿ" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು.

ಶಾಲೆ ಮುಚ್ಚಿದ ಮೇಲೆ ಪಕ್ಕದ ಸೀಟು ಅಮ್ಮನದಾಯಿತು. ಬೇರೆ ಯಾರೂ ಅಲ್ಲಿ ಕೂರುವಂತಿರಲಿಲ್ಲ. ಅಲ್ಲಿ ಕೂತು ಅಮ್ಮ ದಾರಿಯುದ್ದಕ್ಕೂ ಬಾಯಿ ಮುಚ್ಚುತ್ತಿರಲಿಲ್ಲ. "ರೀ, ಮುಂದೆ ಹಸಿರು ಗಾಡಿ ತಿರುಗ್ತಾ ಇದೆ. ಯಾರೋ ಮುದುಕರು ದಾಟ್ತಿದ್ದಾರೆ, ಕೋಲಿದೆ ಕೈಯಲ್ಲಿ. ದೀಪ ಕೆಂಪಾಯ್ತು ನೋಡಿ." ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದ ಮಗಳಿಗೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಅಪ್ಪ ಹೇಗೆ ಸಹಿಸುತ್ತಾರೋ ಎಂದು ಅಚ್ಚರಿಪಡುತ್ತಿದ್ದಳು. ಸಹಿಸುವುದೇನು, ಅಮ್ಮ ಒಂದು ನಿಮಿಷ ಸುಮ್ಮನಾದರೆ "ಏನೇ, ನಿದ್ದೆ ಬಂತಾ?" ಎಂದು ಅವರೇ ಎಬ್ಬಿಸುತ್ತಿದ್ದರು.

ಹೀಗಿರುವಾಗ ಅಕ್ಕನಿಗೆ ಮಗು ಹುಟ್ಟಿತು. ಭಾವ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು. ಹಡಗು ಯಾವುದೋ ಸಮುದ್ರದ ನಡುವೆ ಇತ್ತು. ಅವನು ಬರುವ ತನಕ ಅಕ್ಕ ಮಗುವಿನೊಂದಿಗೆ ಇಲ್ಲೇ ಇರುವುದೆಂದು ತೀರ್ಮಾನವಾಯಿತು. ಶನಿವಾರ ಆಸ್ಪತ್ರೆಯಿಂದ ಕಳಿಸುತ್ತೇವೆ ಎಂದರು. ಅಪ್ಪ ಅಂದೇ ಕಾರಿನ ಸೀಟುಗಳನ್ನು ಕಿತ್ತು ಬಿಸಿಲಿಗೆ ಹಾಕಿದರು.

"ನಿನ್ನನ್ನೂ ನಿನ್ನ ಅಕ್ಕನನ್ನೂ ಆಸ್ಪತ್ರೆಯಿಂದ ತಂದವನು ನಾನೇ. ಮೊಮ್ಮಗಳನ್ನೂ ನಾನೇ ತರ್ತೀನಿ" ಎಂದು ಮೂರು ದಿನದಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಗುರುವಾರ ಬೆಳಿಗ್ಗೆ ಅಮ್ಮ ಅಟ್ಟದಿಂದ ತೊಟ್ಟಿಲು ಇಳಿಸಲು ಹೋಗಿ ಸ್ಟೂಲಿನಿಂದ ಜಾರಿದಳು. ಬಲಗಾಲಿನ ಹಿಮ್ಮಡಿ ಊದಿ ಕುಂಬಳಕಾಯಿಯಾಯಿತು. ಡಾಕ್ಟರು ಪಟ್ಟಿ ಸುತ್ತಿ, ಒಂದಷ್ಟು ದಿನ ಕಾಲು ಊರಬೇಡಿ ಎಂದರು. ಆ ಸಂಜೆ ಮಗುವನ್ನು ನೋಡಲು ಹೊರಟಾಗ ಅಮ್ಮ ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕಾಲು ಚಾಚಿ ಕೂರಬೇಕಾಯಿತು.

"ಇಲಿಮರಿ, ನೀನು ಮುಂದೆ ಕೂತ್ಕೋ" ಎಂದಳು. ದನಿಯಲ್ಲಿ ಏನೋ ಅವಸರವಿತ್ತು. "ಚಪ್ಪಲಿ ಬಿಚ್ಚಿಡು. ಕಾಲು ಮಡಚ್ಕೊಂಡು ಕೂರಬೇಡ."

"ಯಾಕಮ್ಮಾ?"

"ಹೇಳಿದಷ್ಟು ಮಾಡು."

ಅವಳು ಕೂತಳು. ಕಾಲಬುಡದ ಆ ಹೆಚ್ಚುವರಿ ಬ್ರೇಕು ಸವೆದು ಹೊಳೆಯುತ್ತಿತ್ತು. ಮುಚ್ಚಿ ಇಷ್ಟು ವರ್ಷವಾದ ಶಾಲೆಯ ಪೆಡಲು ಇಷ್ಟೊಂದು ಹೊಳೆಯುವುದೇಕೆ ಎಂದು ಆಗ ಅವಳಿಗೆ ಅನಿಸಲಿಲ್ಲ. ಪಕ್ಕದಲ್ಲಿ ಅಪ್ಪ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಚಕ್ರ ಹಿಡಿದು, ಪರೀಕ್ಷೆಗೆ ಕೂತವರಂತೆ ಓಡಿಸುತ್ತಿದ್ದರು. ಹಿಂದಿನಿಂದ ಅಮ್ಮನ ಮಾತು ಶುರುವಾಯಿತು. ಆದರೆ ಹಿಂದಿನ ಸೀಟಿನಿಂದ ಮುಂದಿನ ರಸ್ತೆ ಎಷ್ಟು ಕಂಡೀತು? ಅಪ್ಪನ ತಲೆ, ಮಗಳ ತಲೆ, ನಡುವೆ ಅಂಗೈಯಷ್ಟು ದಾರಿ.

ಅಂಚೆ ಕಚೇರಿಯ ವೃತ್ತದಲ್ಲಿ ದೀಪ ಕೆಂಪಾಗಿತ್ತು. ಮುಂದೆ ಬೇರೆ ಗಾಡಿ ಇರಲಿಲ್ಲ. ತಲೆಯ ಮೇಲೆ ಹಾಸಿಗೆ ಹೊತ್ತವನೊಬ್ಬ ರಸ್ತೆ ದಾಟುತ್ತಿದ್ದ. ಹಾಸಿಗೆಗೇ ಎರಡು ಕಾಲು ಮೂಡಿ ನಡೆದಂತೆ ಕಾಣುತ್ತಿತ್ತು. ಕಾರು ನಿಧಾನವಾಗಲಿಲ್ಲ. ಅಪ್ಪ ನೋಡುತ್ತಿದ್ದಾರೆ, ಈಗ ನಿಲ್ಲಿಸುತ್ತಾರೆ, ಇಗೋ ಈಗ, ಎಂದು ಅವಳು ಕಾದಳು. ಅಪ್ಪ ನೇರವಾಗಿ ಹಾಸಿಗೆಯ ಕಡೆಗೇ ನೋಡುತ್ತ ಮುಂದೆ ಹೋಗುತ್ತಲೇ ಇದ್ದರು.

"ಒತ್ತೇ!" ಅಮ್ಮ ಕಿರುಚಿದಳು. "ಕಾಲಲ್ಲಿ ಒತ್ತೇ ಕೂಸೇ!"

ಒತ್ತಿದಳು. ಎರಡೂ ಕಾಲಿನಿಂದ ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು. ಅಮ್ಮನ ದಿಂಬು ಮುಂದಕ್ಕೆ ಹಾರಿತು. ಹಾಸಿಗೆಯವನು ಹಾಸಿಗೆಯ ಸಮೇತ ತಿರುಗಿ, ಬಾಯಿಗೆ ಬಂದದ್ದು ಬೈದು, ದಾಟಿಹೋದ.

"ಏನು ಜನಾನೋ, ನೋಡ್ಕೊಂಡು ನಡೆಯಲ್ಲ" ಎಂದರು ಅಪ್ಪ. ದನಿ ಒಣಗಿತ್ತು. ಆಸ್ಪತ್ರೆ ಮುಟ್ಟುವ ತನಕ ಕಾರು ಎತ್ತಿನ ಗಾಡಿಗಿಂತ ನಿಧಾನವಾಗಿ ತೆವಳಿತು. ಹಿಂದಿನವರೆಲ್ಲ ಹಾರ್ನು ಬಾರಿಸಿ ದಾಟಿಹೋದರು.

ಆಸ್ಪತ್ರೆಯಲ್ಲಿ ಅಪ್ಪ ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು. ಪ್ರೀತಿಗೆ ಹಾಗೆ ಮಾಡುತ್ತಿದ್ದಾರೆಂದು ನರ್ಸು ನಕ್ಕಳು. ಹೊರಗೆ ಬೆಂಚಿನ ಮೇಲೆ ಅಮ್ಮ ಮಗಳ ಕೈ ಹಿಡಿದುಕೊಂಡಳು.

"ಒಂದು ವರ್ಷದ ಮೇಲಾಯ್ತು. ಅಪ್ಪನ ಕಣ್ಣಿಗೆ ಮಂಜು ಕವಿದ ಹಾಗೆ ಆಗಿದೆ. ನನಗೆ ಹೇಳಿದ್ದಲ್ಲ, ಪೇಪರ್ ತಲೆಕೆಳಗಾಗಿ ಹಿಡಿದು ಕೂತಿದ್ರು, ನಾನೇ ತಿಳ್ಕೊಂಡೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ನನ್ನ ಕಣ್ಣಿಗೇನಾಗಿದೆ ಅಂತ ಮೈಮೇಲೆ ಬರ್ತಾರೆ."

"ಮತ್ತೆ ಇಷ್ಟು ದಿನ ಕಾರು..."

"ರಸ್ತೆ ಅವರಿಗೆ ಬಾಯಿಪಾಠ. ಉಳಿದದ್ದು ನಾನು ಹೇಳ್ತೀನಿ. ಹೇಳೋಷ್ಟು ಹೊತ್ತಿಲ್ಲ ಅಂದ್ರೆ ಮೆತ್ತಗೆ ಒತ್ತುತೀನಿ. ಅವರಿಗೆ ಗೊತ್ತಾಗಲ್ಲ, ತಾವೇ ನಿಲ್ಲಿಸಿದ್ದು ಅಂದ್ಕೋತಾರೆ."

ವರ್ಷವಿಡೀ ತಾನು ಕಿರಿಕಿರಿ ಎಂದುಕೊಂಡಿದ್ದ ಮಾತೆಲ್ಲ ಕಣ್ಣಾಗಿತ್ತು.

"ನೋಡೇ, ಅವರ ಕೈಯಿಂದ ಆ ಕೀ ತಗೊಂಡ್ರೆ ಅವರ ಹತ್ರ ಏನುಳಿಯತ್ತೆ? ಶನಿವಾರ ಒಂದು ದಿನ ನೀನು ಮುಂದೆ ಕೂತ್ಕೋ. ಇವತ್ತಿನ ಹಾಗೆ ಧಬಕ್ ಅಂತ ಬೇಡ, ಮೆತ್ತಗೆ ಒತ್ತು. ಮಗು ಇರತ್ತೆ."

ಇಲ್ಲ ಎನ್ನಲು ಬಾರದವಳು ತಲೆಯಾಡಿಸಿದಳು. ವಾಪಸು ಬರುವಾಗ ತಿರುವುಗಳಲ್ಲಿ ಅಂಗಾಲನ್ನು ಪೆಡಲಿನ ಮೇಲಿಟ್ಟೇ ಬಂದಳು.

ಮರುದಿನ ಬಸ್ಸಿನಲ್ಲಿ ಅವಳಿಗೆ ಯಾವ ಸಿದ್ಧಾಂತವೂ ಬೇಕಾಗಲಿಲ್ಲ. ಡ್ರೈವರನ ಬೆನ್ನನ್ನೇ ನೋಡುತ್ತ ಕೂತಳು. ಇಷ್ಟು ಜನ, ಒಬ್ಬರ ಪರಿಚಯವೂ ಇನ್ನೊಬ್ಬರಿಗಿಲ್ಲದವರು, ಈ ಒಬ್ಬನ ಕಾಲಿನ ಮೇಲೆ ಭಾರ ಹಾಕಿ ತೂಕಡಿಸುತ್ತಿದ್ದರು. ಗ್ರಂಥಾಲಯದಲ್ಲಿ ಅಂಟು ಹಚ್ಚುವಾಗ ಕೈ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಹಾಸಿಗೆ ಹೊತ್ತವನು ಮತ್ತೆ ಮತ್ತೆ ರಸ್ತೆ ದಾಟುತ್ತಿದ್ದ. ತಾನು ಒತ್ತುವುದು ಒಂದು ಕ್ಷಣ ತಡವಾದರೆ? ಹಿಂದೆ ಅಕ್ಕ, ಅಕ್ಕನ ಮಡಿಲಲ್ಲಿ ಮಗು. ಹೆಸರು ಕೂಡ ಇಟ್ಟಿಲ್ಲದ ಮಗು.

ಮಧ್ಯಾಹ್ನ ಒಂದು ದಪ್ಪ ಪುಸ್ತಕದ ಮೇಲೆ ಕಬ್ಬಿಣದ ಭಾರ ಇಡುತ್ತಿದ್ದಾಗ ಅವಳಿಗೆ ತನ್ನ ಮೊದಲ ಪಾಠ ನೆನಪಾಯಿತು. ಮೊದಲ ಪಾಠವೇ ಕೊನೆಯ ಪಾಠವೂ ಆಗಿತ್ತು. ಅಪ್ಪ ಪಕ್ಕದಲ್ಲಿ ಕೂತಿದ್ದರು, ಅವಳು ಚಕ್ರ ಹಿಡಿದಿದ್ದಳು. ನಾಯಿಯೊಂದು ಅಡ್ಡಬಂದಾಗ ಅಪ್ಪ ತಮ್ಮ ಕಡೆಯ ಬ್ರೇಕು ಒತ್ತಿದರು. ಆಗ ಅವಳ ಕಾಲಡಿಯ ಪೆಡಲು ಯಾರೂ ಮುಟ್ಟದೆ ತಾನಾಗಿ ಕೆಳಗಿಳಿದುಹೋಗಿತ್ತು! ಕಾಣದ ಕಾಲೊಂದು ತನ್ನ ಕಾಲಿನ ಪಕ್ಕ ಬಂದು ಕೂತಂತೆ. ಅವಳು ಹೆದರಿ ಚಕ್ರ ಬಿಟ್ಟು ಬಾಗಿಲು ತೆಗೆದು ಇಳಿದುಬಿಟ್ಟಿದ್ದಳು. ಎರಡು ಪೆಡಲೂ ಒಂದೇ ಸರಳಿಗೆ ಕಟ್ಟಿದವು. ಅಲ್ಲಿ ಒತ್ತಿದರೆ ಇಲ್ಲಿ ಇಳಿಯುತ್ತದೆ.

ಹಾಗಾದರೆ ಅಮ್ಮ ಒತ್ತಿದಾಗಲೆಲ್ಲ ಅಪ್ಪನ ಕಾಲಡಿಯಲ್ಲಿ?

ಕಬ್ಬಿಣದ ಭಾರ ಕೈಯಲ್ಲೇ ಉಳಿಯಿತು.

ಸಂಜೆ ಮನೆಗೆ ಬಂದಾಗ ಅಪ್ಪ ಕಾರಿನ ಶೆಡ್ಡಿನಲ್ಲಿ ಒದ್ದೆಬಟ್ಟೆಯಿಂದ ಕಾರು ಒರೆಸುತ್ತಿದ್ದರು. ಎಲ್ಲಿ ಕೊಳೆಯಿದೆ ಎಂದು ಬೆರಳಿನಿಂದ ಸವರಿ ಸವರಿ ನೋಡಿ, ಆಮೇಲೆ ಉಜ್ಜುತ್ತಿದ್ದರು. ಅವಳು ಬಾಗಿಲ ಬಳಿ ನಿಂತಳು. ಒಳಗೆ ಹೋಗಿಬಿಡೋಣ ಎನಿಸಿತು. ಉತ್ತರ ಎರಡು ಸ್ಟಾಪು ದಾಟಿದ ಮೇಲೆ ಬಂದರೆ ಈ ಸಲ ಆಗುವುದಿಲ್ಲ ಎಂದೂ ಅನಿಸಿತು.

"ಅಪ್ಪಾ."

"ಬಂದ್ಯಾ? ನಾಳೆ ಹತ್ತು ಗಂಟೆಗೆ ರೆಡಿಯಾಗಿರು. ಗಾಜು ನೋಡು, ಕನ್ನಡಿ ಆಗಿದೆ."

"ಅಪ್ಪಾ, ಅಮ್ಮ ಒತ್ತಿದ್ರೆ ನಿಮ್ಮ ಪೆಡಲೂ ಇಳಿಯತ್ತೆ ಅಲ್ವಾ?"

ಒರೆಸುವ ಕೈ ನಿಂತಿತು.

"ಯಾವ ಪೆಡಲು? ಏನು ಮಾತಾಡ್ತಿದ್ದೀಯ?" ದನಿ ಏರಿತು. "ಒಂದು ದಿನ ಪಕ್ಕದಲ್ಲಿ ಕೂತಿದ್ದಕ್ಕೇ ನನಗೆ ಪಾಠ ಹೇಳ್ತೀಯಾ? ನಡಿ ಒಳಗೆ!"

ಬೇರೆ ದಿನವಾಗಿದ್ದರೆ ಅವಳು ಬಿಲ ಸೇರುತ್ತಿದ್ದಳು. ಕಾಲು ಹಿಂದಕ್ಕೆ ಹೊರಟೂ ಇತ್ತು. ಆದರೆ ಹೋಗಲಿಲ್ಲ. ಹೊಸಿಲ ಪಕ್ಕದ ಪೆಟ್ರೋಲಿನ ಡಬ್ಬದ ಮೇಲೆ ಕೂತುಬಿಟ್ಟಳು.

"ನನಗೆ ಮಗು ಬಗ್ಗೆ ಭಯ ಆಗ್ತಿದೆ, ಅಪ್ಪಾ."

ಅಪ್ಪ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿದರು, ಹಿಂಡಿದರು, ಮತ್ತೆ ಅದ್ದಿದರು. ಬಹಳ ಹೊತ್ತಾದ ಮೇಲೆ ಕಾರಿನ ಮೂತಿಯ ಮೇಲೆ ಒರಗಿ ನಿಂತರು.

"ಜೀವಮಾನವಿಡೀ ಬೇರೆಯವರ ಕಾಲು ಕಾದವನು ನಾನು. ನನ್ನ ಕಾಲಡಿ ಇನ್ನೊಬ್ಬರ ಕಾಲು ಬಂದ್ರೆ ತಿಳಿಯಲ್ವಾ?" ಎಂದರು. "ಮೊದಲ ದಿನ ಅವಳು ಒತ್ತಿದಾಗಲೇ ಗೊತ್ತಾಯ್ತು. ಎಂಥಾ ಬ್ರೇಕು ಅಂತೀಯ! ನೀರು ತುಂಬಿದ ಲೋಟ ಇಟ್ರೂ ಚೆಲ್ಲಲ್ಲ. ಹೊರಡೋದು ಬರದೆ ಬರೀ ನಿಲ್ಲೋದು ಕಲಿತ ವಿದ್ಯಾರ್ಥಿ ಅಂದ್ರೆ ನಿಮ್ಮಮ್ಮ ಒಬ್ಬಳೇ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇಬ್ರೂ ಇಳೀಬೇಕಾಗ್ತಿತ್ತು."

ಬಕೆಟ್ಟಿನ ಅಂಚಿನಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು.

"ನಿನ್ನೆ ಆ ಮನುಷ್ಯ ಕಾಣಲೇ ಇಲ್ಲ" ಎಂದರು ಅಪ್ಪ, ಮೆಲ್ಲನೆ. "ಏನೋ ಬೆಳ್ಳಗೆ ಕಂಡಿತು, ಬಿಸಿಲು ಅಂದ್ಕೊಂಡೆ."

ಅಪ್ಪ ಜೇಬಿನಿಂದ ಕೀ ತೆಗೆದು ಕೈಯಲ್ಲಿ ತಿರುಗಿಸಿದರು.

"ನೀನು ಓಡಿಸ್ತೀಯಾ? ನಾನು ಪಕ್ಕದಲ್ಲಿ ಕೂರ್ತೀನಿ."

"ನನಗೆ ಬರಲ್ಲ. ನಿಮಗೆ ಕಾಣಲ್ಲ. ಇಬ್ರೂ ಸೇರಿದ್ರೆ ಒಂದು ಡ್ರೈವರೂ ಆಗಲ್ಲ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಅದೂ ನಿಜವೇ. ಮತ್ತೆ ಮಗು ಹೇಗೆ ಬರತ್ತೆ, ಹಾರ್ಕೊಂಡಾ?"

"ಟ್ಯಾಕ್ಸಿ..."

"ಟ್ಯಾಕ್ಸೀನಾ! ಈ ಊರಲ್ಲಿ ಟ್ಯಾಕ್ಸಿ ಓಡಿಸೋರೆಲ್ಲ ನನ್ನ ಹತ್ರ ಬೈಸ್ಕೊಂಡವರು. ನಾನು ಅವರ ಹಿಂದೆ ಕೂರೋದು, ಅವರು ಕನ್ನಡಿಯಲ್ಲಿ ನನ್ನ ನೋಡೋದು, 'ಏನ್ ಮೇಷ್ಟ್ರೇ, ಕಾರು ಕೆಟ್ಟೋಯ್ತಾ' ಅನ್ನೋದು. ಬೇಡಪ್ಪಾ ಬೇಡ."

"ಹಾಗಾದ್ರೆ ನನ್ನ ಬಸ್ಸಲ್ಲಿ ಬನ್ನಿ. ಆಸ್ಪತ್ರೆ ಬಾಗಿಲಲ್ಲೇ ಹತ್ತಬಹುದು, ನಮ್ಮ ಬೀದಿ ತುದಿಯಲ್ಲಿ ಇಳೀಬಹುದು. ಮಧ್ಯಾಹ್ನ ಆದ್ರೆ ಖಾಲಿ ಇರತ್ತೆ."

"ಡ್ರೈವರ್ ಯಾರು? ನನ್ನ ಶಿಷ್ಯನಾ?"

"ಅಲ್ಲ. ಬೇರೆ ಊರಿನವನು."

ಅಪ್ಪ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಸರಿ. ಅವನನ್ನ ಬೈಯೋಕೆ ನನಗೆ ಹಕ್ಕಿದೆ."

ಕೀ ಕೊಡಲಿಲ್ಲ. ಜೇಬಿಗೇ ಹಾಕಿಕೊಂಡರು. ಅವಳೂ ಕೇಳಲಿಲ್ಲ. ಅಮ್ಮನಿಗೆ, ಕಾರಿನ ಬ್ಯಾಟರಿ ಕೈಕೊಟ್ಟಿದೆ ಎಂದು ಹೇಳಿದರು. ಅಮ್ಮ ನಂಬಿದಳೋ ಇಲ್ಲವೋ, ದೊಡ್ಡದೊಂದು ಉಸಿರು ಬಿಟ್ಟು, "ಬ್ಯಾಟರಿಗೂ ವಯಸ್ಸಾಯ್ತು ಬಿಡಿ" ಎಂದಳು.

ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೂ ಬಸ್ಸು ಹತ್ತಿದರು. ಅಕ್ಕ ಮಗುವನ್ನು ಎದೆಗೊತ್ತಿಕೊಂಡು, "ಅಪ್ಪ ಬಸ್ಸಲ್ಲಾ! ನನಗಿನ್ನೂ ಔಷಧಿ ಮಂಪರು ಇಳಿದಿಲ್ಲ ಅನ್ಸತ್ತೆ" ಎಂದಳು. ಅಮ್ಮ ಬಾಡಿಗೆಗೆ ತಂದ ಊರುಗೋಲಿನ ಮೇಲೆ ಕುಂಟುತ್ತ ಹತ್ತಿ ಅಪ್ಪನ ಪಕ್ಕ ಕೂತಳು. ಇಲಿಮರಿ ಅವರ ಹಿಂದೆ, ಅಕ್ಕ ಇನ್ನೊಂದು ಬದಿಗೆ. ಕೈಚೀಲದಲ್ಲಿ ಬಾಟಲಿ ಹುಡುಕುತ್ತಿದ್ದ ಹೆಂಗಸೊಬ್ಬಳು ಹುಡುಕುವುದನ್ನು ಬಿಟ್ಟು ಮಗುವನ್ನು ನೋಡಿದಳು. ಅವಳ ಮುಂದಿನವನು ಫೋನಿನ ದನಿ ತಗ್ಗಿಸಿದ. ಕಂಡಕ್ಟರು ಡ್ರೈವರನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿಬಂದ. ಬಸ್ಸು ಮೆತ್ತಗೆ ಹೊರಟಿತು.

"ಗೇರು ತಡವಾಗಿ ಹಾಕಿದ" ಎಂದರು ಅಪ್ಪ.

"ಹಾಕಲಿ ಬಿಡಿ" ಎಂದಳು ಅಮ್ಮ. ಆಮೇಲೆ ಅಭ್ಯಾಸಬಲದಿಂದ ಶುರು ಮಾಡಿದಳು. "ಅಂಚೆ ಕಚೇರಿಗೆ ಹಳದಿ ಬಣ್ಣ ಬಳಿದಿದ್ದಾರೆ ರೀ. ಅದರ ಪಕ್ಕ ಯಾರೋ ಪಾರಿವಾಳಕ್ಕೆ ಕಾಳು ಹಾಕ್ತಿದ್ದಾರೆ. ಹೂವಿನಂಗಡಿ ಮುಂದೆ ಒಬ್ಬಳು ಗಂಡನ ಜೊತೆ ಜಗಳ ಆಡ್ತಿದ್ದಾಳೆ, ಕೈಯಲ್ಲಿ ಹೂವಿದೆ, ಅದರಲ್ಲೇ ಹೊಡೀತಾಳೋ ಏನೋ."

ಅಪ್ಪ ಮೊದಲು ಮುಂದಿನ ಗಾಜಿನ ಕಡೆಗೇ ಮುಖ ಮಾಡಿದ್ದರು. ಬರಬರುತ್ತ ಕಿಟಕಿಯ ಕಡೆ ತಿರುಗಿದರು.

"ಈ ರಸ್ತೆಗೆ ಪಕ್ಕಾನೂ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದರು. "ನಾನು ಯಾವಾಗಲೂ ಅದರ ನಡುವೆ ಮಾತ್ರ ನೋಡಿದ್ದು." ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ, "ಇಲಿಮರಿ, ಆ ಕಣ್ಣಿನ ಡಾಕ್ಟರ ಹತ್ರಕ್ಕೆ ಯಾವ ಬಸ್ಸು ಹೋಗತ್ತೆ?" ಎಂದು ಕೇಳಿದರು.

ಅವಳು ಹೇಳಿದಳು. ಅಮ್ಮ ಕತ್ತು ತಿರುಗಿಸಿ ಮಗಳನ್ನು ನೋಡಿದಳು. ಮಗಳು ಕಿಟಕಿಯಾಚೆ ನೋಡತೊಡಗಿದಳು.

ಮುಂದಿನ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ನುಗ್ಗಿತು. ಬಸ್ಸು ಗಕ್ಕೆಂದು ನಿಂತಿತು. ಅಕ್ಕ ಮಗುವಿನ ಮೇಲೆ ಬಾಗಿದಳು. ಅದೇ ಗಳಿಗೆಯಲ್ಲಿ ಅಪ್ಪನ ಬಲಗಾಲು, ಅಮ್ಮನ ಪಟ್ಟಿ ಸುತ್ತಿದ ಬಲಗಾಲು, ಹಿಂದೆ ಇಲಿಮರಿಯ ಎರಡೂ ಕಾಲು, ಬಸ್ಸಿನ ಬರಿಯ ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದವು. ಮಗು ಬಾಯಿ ತೆರೆದು ಆಕಳಿಸಿ ಮತ್ತೆ ಮಲಗಿತು.

"ಅಯ್ಯಮ್ಮಾ" ಎಂದು ಅಮ್ಮ ನೋವಿಗೆ ಕಣ್ಣು ಮುಚ್ಚಿದಳು.

ಅಪ್ಪ ತಮ್ಮ ಕಾಲನ್ನೂ ಅವಳ ಕಾಲನ್ನೂ ಬಗ್ಗಿ ನೋಡಿದರು. ಕಂಡಿತೋ ಇಲ್ಲವೋ, ತಿಳಿದದ್ದಂತೂ ನಿಜ.

"ಇವನು ನಿನ್ನ ಹತ್ರ ಕಲೀಬೇಕು ಕಣೇ" ಎಂದರು. "ನೀನಾಗಿದ್ರೆ ಮೆತ್ತಗೆ ಒತ್ತಿರ್ತಿದ್ದೆ."

ಅಮ್ಮ ಕಣ್ಣು ತೆರೆದಳು. ಇಡೀ ಒಂದು ಸ್ಟಾಪು ದಾಟುವ ತನಕ ಅವಳು ಏನೂ ಹೇಳಲಿಲ್ಲ. ಯಾವ ಅಂಗಡಿ ಬಂತು, ಯಾವುದು ಹೋಯಿತು ಎಂದೂ ಹೇಳಲಿಲ್ಲ.

ಆಗ ಅಪ್ಪ ಕೇಳಿದರು, "ಏನೇ, ನಿದ್ದೆ ಬಂತಾ?"

"ಇಲ್ಲಾರೀ" ಎಂದಳು ಅಮ್ಮ, ಸೆರಗಿನಿಂದ ಮೂಗು ಒರೆಸಿಕೊಂಡು. "ಗಡಿಯಾರದಂಗಡಿ ಬಂತು. ಹೊರಗೊಬ್ಬ ಕೂತು ಬಾಳೆಹಣ್ಣು ತಿಂತಿದ್ದಾನೆ. ಸಿಪ್ಪೆ ಎಲ್ಲಿ ಬಿಸಾಕ್ತಾನೆ ನೋಡೋಣ, ತಾಳಿ."